ಬಿಚ್ಚಿ ನೋಡಿ ಕೊಂಡ ಪೆನ್ಸಿಲ್

ಮೊನ್ನೆ ವಿದ್ಯಾನಗರದ ಪುಸ್ತಕದ ಅಂಗಡಿಯಲ್ಲಿ ನನ್ನ ಮೊಮ್ಮಗಳು ಕಡ್ಡಿ ಹಾಕಿ ಬರೆಯುವ ಮೂರು ಪೆನ್ಸಿಲ್‌ಗಳನ್ನು ಎದುರಿಗಿಟ್ಟುಕೊಂಡು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅಂಗಡಿಯಾಕೆಗೆ ನಗು ತಡೆಯಲಾಗಲಿಲ್ಲ.

"ಏನಮ್ಮ, ರೇಡಿಯೋ ಹಚ್ಚಿದೀಯೇನು? ಎಲ್ಲಾ ಒಂದೇ ಕಣೆ, ತಗೊಂಡು ಹೋಗು."

ಅವಳು ನನ್ನ ಕಡೆ ತಿರುಗಿದಳು.

"ಅಜ್ಜಿ, ದಿನಾ ಬರೆಯಾಕೆ ಬೇಕು. ಬಾಳಿಕೆ ಬರಬೇಕು, ಅಪ್ಪ ಬೈಯೋವಷ್ಟು ರೇಟೂ ಇರಬಾರ್ದು. ಯಾವ್ದು ತಗೊಳ್ಲಿ? ನಿಂಗೆ ಗೊತ್ತಲ್ಲ."

ನಿಂಗೆ ಗೊತ್ತಲ್ಲ ಅಂದಳು! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ಮುದುಕಿಯನ್ನು, ಬರೆಯುವ ಸಾಮಾನು ಯಾವುದು ಒಳ್ಳೆಯದು ಅಂತ ಕೇಳುತ್ತಾಳೆ ಈ ಕೂಸು. ಅಂಗಡಿಯಲ್ಲಿ ಜನ ಇರದಿದ್ದರೆ ನಾನು ಅಲ್ಲೇ ಎರಡು ಹೆಜ್ಜೆ ಕುಣಿದುಬಿಡುತ್ತಿದ್ದೆ, ಮಂಡಿನೋವು ಹಾಳಾಗಿ ಹೋಗಲಿ. ಆದರೆ ಅವಳು ಕೇಳಿದ್ದು ತಪ್ಪಲ್ಲ. ನನಗೆ ನಿಜವಾಗಿಯೂ ಗೊತ್ತು. ಅಕ್ಷರ ನನಗೆ ಕಮ್ಮಿ, ಪೆನ್ಸಿಲ್ ವಿಷಯದಲ್ಲಿ ಮಾತ್ರ ಈ ಊರಿನಲ್ಲಿ ನನ್ನನ್ನು ಮೀರಿಸುವವರು ಇದ್ದರೆ ಬರಲಿ. ಇದನ್ನು ಬರೆಯುತ್ತಿರುವುದೂ ಅರವತ್ತು ವರ್ಷಕ್ಕಿಂತ ಹಳೆಯ ಒಂದು ಹಿತ್ತಾಳೆ ಪೆನ್ಸಿಲ್‌ನಲ್ಲೇ. ಅದು ನಮ್ಮ ಮನೆಗೆ ಹೇಗೆ ಬಂತು, ಬಂದು ಏನೇನು ಮಾಡಿತು ಅನ್ನುವುದನ್ನು ಹೇಳಿದರೆ ಮೊಮ್ಮಗಳ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೂ ಆಗುತ್ತದೆ, ನಾನು ಎಂಥ ಮನೆಯಲ್ಲಿ ಬೆಳೆದೆ ಅಂತ ಹೇಳಿದ ಹಾಗೂ ಆಗುತ್ತದೆ.

ಆಗ ನಾವು ಹರಿಹರದಲ್ಲಿ ಹೊಳೆಯ ಕಡೆಗಿದ್ದ ಸಾಲುಮನೆಗಳಲ್ಲಿ ಒಂದರಲ್ಲಿದ್ದೆವು. ಎರಡೇ ಕೋಣೆ. ಮುಂದಿನದು ಪಡಸಾಲೆ, ಹಿಂದಿನದು ಅಡುಗೆಮನೆ, ಅದರ ಮೂಲೆಯಲ್ಲೇ ಬಚ್ಚಲು, ಬಚ್ಚಲಲ್ಲಿ ಅಜ್ಜಿಯ ತಾಮ್ರದ ಹಂಡೆ. ಅಪ್ಪ, ಅವ್ವ, ಅಪ್ಪನ ತಾಯಿಯಾದ ಅಜ್ಜಿ, ನಾನು. ಅವ್ವನ ಹೊಟ್ಟೆಯಲ್ಲಿ ಇನ್ನೊಂದು ಕೂಸು. ಅದೇ ಕಾರಣಕ್ಕೆ ನನ್ನನ್ನು ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದ್ದರು. ನಮ್ಮ ಮೂಲ ಊರು ಕೊಕ್ಕನೂರು. ಹೊಲವನ್ನು ದೊಡ್ಡಪ್ಪನಿಗೆ ಬಿಟ್ಟು ಅಪ್ಪ ಕಾರ್ಖಾನೆಗೆ ಸೇರಿದ್ದ. ಆದರೆ ಅಜ್ಜಿ ಮಾತ್ರ ಹೊಲವನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಕೊಕ್ಕನೂರಿನಲ್ಲಿ ಅಮಾವಾಸ್ಯೆಯ ದಿನ ಎತ್ತು ಕಟ್ಟುತ್ತಿರಲಿಲ್ಲ, ಆ ದಿನ ನೇಗಿಲು, ನೊಗ, ಬಂಡಿಯ ಗಾಲಿ ಎಲ್ಲವನ್ನೂ ಬಿಚ್ಚಿ ತೊಳೆದು ಎಣ್ಣೆ ಬಿಡುವ ಪದ್ಧತಿ. ಹರಿಹರದ ಎರಡು ಕೋಣೆಯಲ್ಲಿ ನೇಗಿಲು ಎಲ್ಲಿಂದ ಬರಬೇಕು? ಅಜ್ಜಿ ಪದ್ಧತಿ ಬಿಡಲಿಲ್ಲ. ಪ್ರತಿ ಅಮಾವಾಸ್ಯೆ ಕಂದೀಲು ಬಿಚ್ಚುವಳು, ಬೀಸುವ ಕಲ್ಲು ಬಿಚ್ಚುವಳು, ಬಾಗಿಲ ಬೀಗ ಬಿಚ್ಚುವಳು, ಈಳಿಗೆ ಮಣೆಯಿಂದ ಅಲಗು ಕಿತ್ತು ಹುಣಸೆಹಣ್ಣು ಹಚ್ಚುವಳು. ಸಂಜೆಯೊಳಗೆ ಎಲ್ಲವೂ ಮತ್ತೆ ಕೂಡಬೇಕು. ಕೂಡಿಸುವ ಕೆಲಸ ನನ್ನದು, ನನ್ನ ಬೆರಳು ಸಣ್ಣವು ಅಂತ. ಬಿಚ್ಚಲಿಕ್ಕೆ ಬಾರದ ಸಾಮಾನನ್ನು ಅಜ್ಜಿ ಹೊಸ್ತಿಲು ದಾಟಿಸುತ್ತಿರಲಿಲ್ಲ.

"ಹೊಟ್ಟೆಯಾಗೆ ಏನೈತೆ ಅಂತ ತೋರಿಸದಿರೋದನ್ನ ನಂಬಬ್ಯಾಡ ಕಣೆ ಗೌರಿ," ಅನ್ನುವಳು. "ಅದು ಸಾಮಾನಾದ್ರೂ ಅಷ್ಟೇ, ಬೀಗರಾದ್ರೂ ಅಷ್ಟೇ."

ಬೀಗರು ಅನ್ನುವಾಗ ಅವ್ವನ ಕಡೆ ನೋಡುವಳು. ಅವ್ವ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕೆಳಗಿಡುವಳು.

ಕಾರ್ಖಾನೆಯಲ್ಲಿ ಅಪ್ಪನಿಗೆ ಮೊದಲು ಸಿಕ್ಕಿದ್ದು ಮರಳು ಹೊರುವ ಕೆಲಸ. ಕಬ್ಬಿಣ ಕರಗಿಸಿ ಹೊಯ್ಯುವ ಕಡೆ, ಬಿಸಿ ಮರಳು, ಕರಿ ಧೂಳು. ಸಂಜೆ ಬಂದು ಬಚ್ಚಲಿಗೆ ಹೋದರೆ ಅಪ್ಪನ ಕಿವಿಯಿಂದಲೂ ಕರಿನೀರು ಇಳಿಯುತ್ತಿತ್ತು. ಊಟಕ್ಕೆ ಮೊದಲು ಅಜ್ಜಿ ಒಂದು ಉಂಡೆ ಬೆಲ್ಲ ಬಾಯಿಗಿಡುವಳು, ಗಂಟಲ ಧೂಳು ಇಳಿಯಲಿ ಅಂತ. ಆದರೂ ಕೆಮ್ಮು ನಿಲ್ಲುತ್ತಿರಲಿಲ್ಲ. ರೊಟ್ಟಿ ಮುರಿಯುತ್ತಾ ಕೆಮ್ಮುವನು, ಕೆಮ್ಮಿ ನಮ್ಮ ಮುಖ ನೋಡಿ ನಗುವನು. ಇಂಥ ಹೊತ್ತಿನಲ್ಲಿ ದೇವರ ಹಾಗೆ ಸಿಕ್ಕಿದವರು ಇಮಾಮ್ ಸಾಬ್ರು. ಅವರು ಪ್ಯಾಟ್ರನ್ ಮಾಡುವ ಕಡೆಯ ಮೇಸ್ತ್ರಿ. ಪ್ಯಾಟ್ರನ್ ಅಂದರೆ, ಯಂತ್ರದ ಯಾವ ಭಾಗವನ್ನು ಕಬ್ಬಿಣದಲ್ಲಿ ಹೊಯ್ಯಬೇಕೋ ಅದನ್ನು ಮೊದಲು ಮರದಲ್ಲಿ ಮಾಡುವುದು. ಆ ಮರದ ಗೊಂಬೆಯನ್ನು ಮರಳಿನಲ್ಲಿ ಒತ್ತಿ ತೆಗೆದರೆ ಬೀಳುವ ತಗ್ಗಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಅಪ್ಪ ಬುತ್ತಿ ಉಂಡು ಕುಳಿತಾಗ ಚೂರು ಮರದಲ್ಲಿ ನನಗೊಂದು ಬುಗುರಿ ಕೆತ್ತುತ್ತಿದ್ದುದನ್ನು ನೋಡಿ, ಸಾಬ್ರು ಅವನನ್ನು ಮರಳಿನಿಂದ ಎತ್ತಿ ಮರದ ಕಡೆಗೆ ಹಾಕಿಸಿಕೊಂಡರು. ಅಲ್ಲಿ ಧೂಳಿದ್ದರೂ ಅದು ಸಾಗುವಾನಿಯ ಪರಿಮಳದ ಧೂಳು. ಒಂದು ತಿಂಗಳಲ್ಲಿ ಕೆಮ್ಮು ಅರ್ಧಕ್ಕೆ ಇಳಿಯಿತು.

ಆದರೆ ಅಲ್ಲಿ ನಿಲ್ಲಬೇಕಾದರೆ ಗೆರೆ ಹಾಕಲು ಬರಬೇಕಿತ್ತು. ಹಲಗೆಯ ಮೇಲೆ ಯಂತ್ರದ ಭಾಗವನ್ನು ಅದರ ಅಳತೆಯಲ್ಲೇ ಬರೆಯುವುದು ಮೊದಲ ಕೆಲಸ. ಕಾದ ಕಬ್ಬಿಣ ಆರಿದಾಗ ಅಡಿಗೆ ಅರೆಕಾಲು ಅಂಗುಲ ಕುಗ್ಗುತ್ತದಂತೆ, ಅದನ್ನೂ ಸೇರಿಸಿ ಬರೆಯಬೇಕು. ಅಪ್ಪನಿಗೆ ಇಂಗ್ಲಿಷಿನ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಅಂಗುಲದಲ್ಲಿ ಎಂಟು ಭಾಗ, ಹದಿನಾರು ಭಾಗ, ಮೂವತ್ತೆರಡು ಭಾಗ ಅಂದರೆ ಬೆವರುವನು. ಅದನ್ನು ಬಿಡಿಸಿದ್ದೂ ನಮ್ಮ ಅಜ್ಜಿಯೇ. ಅಡಿಪಟ್ಟಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಇದೇನೋ ಮಹಾ ಇದು? ಅರೆಕಾಲು, ವೀಸ, ಅರೆವೀಸ. ನಾವು ಜೋಳ ಅಳೆಯಾಕೆ ಹೇಳ್ತಿರಲಿಲ್ವ?" ಅಂದಳು. ಅವತ್ತಿನಿಂದ ಅಡಿಪಟ್ಟಿ ನಮ್ಮ ಮನೆಯಲ್ಲಿ ಕನ್ನಡ ಮಾತಾಡಿತು. ಲೆಕ್ಕ ಬಂತು, ಗೆರೆ ಬರಲಿಲ್ಲ. ಅಪ್ಪನ ಕೈ ಮೇಟಿ ಹಿಡಿದ ಕೈ. ಪಡಸಾಲೆಯ ಕಂಬಕ್ಕೆ ದಾರದಲ್ಲಿ ಕಟ್ಟಿದ ಒಂದು ಮರದ ಪೆನ್ಸಿಲ್ ನಮ್ಮ ಮನೆಯ ಒಂದೇ ಪೆನ್ಸಿಲ್. ಅದನ್ನು ಹೆರೆದು ಚೂಪು ಮಾಡಿದರೆ ಎರಡು ಗೆರೆಗೆ ಮುರಿಯುತ್ತಿತ್ತು, ಮೊಂಡಾಗಿ ಬಿಟ್ಟರೆ ಗೆರೆಯೇ ಅರೆವೀಸ ದಪ್ಪ. ಮೊದಲ ಸಲ ಪರೀಕ್ಷೆಗೆ ಅಂತ ಹಲಗೆ ಕೊಟ್ಟಾಗ ಇಮಾಮ್ ಸಾಬ್ರು ಹೇಳಿದ್ದನ್ನು ಅಪ್ಪ ಮನೆಗೆ ಬಂದು ಹಾಗೇ ಹೇಳಿದ.

"ಹಾಲಪ್ಪಾ, ನಿನ್ನ ಗೆರೆ ಮೇಲೆ ಎತ್ತಿನ ಬಂಡಿ ಹೋಗ್ತೈತಲ್ಲೋ! ಯಾವ ದಂಡೆಗೆ ಕೊಯ್ಯಬೇಕಪ್ಪಾ, ಆ ದಂಡೆಗೋ ಈ ದಂಡೆಗೋ? ಮಾನೋಮಿ ಹಬ್ಬ ಮುಗಿಸ್ಕಂಡು ಬಾ, ಇನ್ನೊಂದು ಸಲ ನೋಡೋಣ. ಅವತ್ತೂ ಹಿಂಗೇ ಆದ್ರೆ ನನ್ನ ಕೈಯಾಗೇನೂ ಇಲ್ಲ. ಮತ್ತೆ ಮರಳಿಗೇ ಹೋಗ್ಬೇಕಾಗ್ತೈತೆ."

ಸಾಬ್ರ ಹತ್ತಿರ ಒಂದು ಪೆನ್ಸಿಲ್ ಇತ್ತಂತೆ, ಯಂತ್ರ ಕೂಡಿಸಲು ಬಂದಿದ್ದ ಯಾರೋ ಪರದೇಶದವರು ಕೊಟ್ಟದ್ದು. ಹೆರೆಯಬೇಕಾಗಿಲ್ಲ, ತಿರುವಿದರೆ ಒಳಗಿನಿಂದ ಕಡ್ಡಿ ಬರುತ್ತದೆ, ಗೆರೆ ಯಾವಾಗಲೂ ಒಂದೇ ಸಣ್ಣ. ಅಂಥದು ದಾವಣಗೆರೆಯಲ್ಲಿ ಸಿಕ್ಕುತ್ತದೆ ಅಂದಿದ್ದರು. ಅವತ್ತು ಮರಳು ಅನ್ನುವ ಮಾತು ಕೇಳಿ ಅಜ್ಜಿ ಬೆಲ್ಲದ ಡಬ್ಬಿಯ ಕಡೆ ನೋಡಿದ್ದು ನನಗಿನ್ನೂ ನೆನಪಿದೆ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ರಜೆಯ ದಿನ ಅಪ್ಪ ನನ್ನನ್ನು ಕರೆದುಕೊಂಡು ರೈಲಿನಲ್ಲಿ ದಾವಣಗೆರೆಗೆ ಹೋದ. ಹೆಣ್ಣುಹುಡುಗಿ ಯಾಕೆ ಅಂತ ಅವ್ವ ಕೇಳಿದ್ದಕ್ಕೆ, "ಸಣ್ಣ ಸಾಮಾನು ನನ್ನ ಕೈಗೆ ತಿಳಿಯಲ್ಲ, ಅವಳ ಕೈಗೆ ತಿಳೀತೈತೆ" ಅಂದ. ಆ ಒಂದು ಮಾತಿಗೆ ನಾನು ಹರಿಹರದಿಂದ ದಾವಣಗೆರೆಯವರೆಗೆ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡೇ ಕುಳಿತಿದ್ದೆ. ಮಂಡಿಪೇಟೆಯಲ್ಲಿ ಕಾಗದ, ಪೆನ್ನು, ಲೆಕ್ಕದ ಪುಸ್ತಕ ಮಾರುವ ಒಂದು ದೊಡ್ಡ ಅಂಗಡಿ. ಗಾಜಿನ ಪೆಟ್ಟಿಗೆಯ ಹಿಂದೆ ಶೆಟ್ರು.

"ಬರ್ರಿ, ಕೂಡ್ರಿ. ತಿರುಪಿನ ಪೆನ್ಸಿಲ್ಲಾ? ಫಸ್ಟ್ ಕ್ಲಾಸ್ ಮಾಲ್ ಐತೆ ನೋಡ್ರಿ."

ಮೊದಲು ತೆಗೆದದ್ದು ಬಂಗಾರದ ಬಣ್ಣದ್ದು. ಮೈಯೆಲ್ಲ ದುಂಡಗೆ, ತಲೆಯ ಮೇಲೊಂದು ಹಸಿರು ಹರಳು. ಅಪ್ಪನ ಕಣ್ಣು ಅದರ ಮೇಲೇ ಕೂತುಬಿಟ್ಟಿತು.

"ಮೇಸ್ತ್ರಿದು ಹಿಂಗೇ ಐತೆ ಕಣೆ ಗೌರಿ," ಅಂತ ಪಿಸುಗುಟ್ಟಿದ.

ನಾನು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದೆ. ಅಜ್ಜಿ ಬೀಗ ಕೊಳ್ಳುವಾಗ ಹಾಗೆ ಮಾಡುವುದನ್ನು ನೋಡಿದ್ದೆ, ಅಷ್ಟೇ.

"ಶೆಟ್ರೇ, ಇದರ ಒಳಗೆ ಏನೋ ಸಡ್ಲ ಐತ್ರಿ."

"ಸಡ್ಲ ಅಲ್ಲವ್ವ, ಅದು ಕಡ್ಡಿ ಸಪ್ಪಳ."

"ಹಂಗಾರೆ ಕಡ್ಡಿ ತೆಗೆದು ಅಲ್ಲಾಡಿಸ್ರಿ."

ಶೆಟ್ರು ಕಡ್ಡಿ ತೆಗೆದು ಅಲ್ಲಾಡಿಸಿದರು. ಒಳ್ಳೆ ಗೆಜ್ಜೆಯ ಹಾಗೆ ಸಪ್ಪಳ ಬಂತು. ಅವರು ಕೆಮ್ಮಿ, ಅದನ್ನು ಬದಿಗಿಟ್ಟು, ಕೆಂಪು ಪ್ಲಾಸ್ಟಿಕ್ಕಿನದೊಂದು ಕೊಟ್ಟರು. ಹಗುರವಾಗಿತ್ತು, ಅಗ್ಗವೂ ಹೌದು. ಅಪ್ಪ ಅದರ ಬೆಲೆ ಕೇಳಿ ಉಸಿರು ಬಿಟ್ಟ.

"ಇದನ್ನ ಬಿಚ್ಚಿ ತೋರಿಸ್ರಿ," ಅಂದೆ.

"ಬಿಚ್ಚಾಕೆ ಇದೇನು ಗಂಟಾ? ಮಾಡೋರೇ ಅಂಟು ಹಾಕಿ ಕೂಡ್ಸಿರ್ತಾರೆ."

"ಒಳಗೆ ಕಡ್ಡಿ ಮುರಿದು ಸಿಕ್ಕಂಡ್ರೆ?"

"ಇನ್ನೊಂದು ತಗೋಬೇಕು."

"ಹಂಗಾರೆ ಇದು ಪೆನ್ಸಿಲ್ ಅಲ್ರಿ, ಬೆಂಕಿಕಡ್ಡಿ. ಒಂದ್ಸಲಕ್ಕೆ ಮುಗೀತು."

ಪಕ್ಕದಲ್ಲಿ ಕಾಗದ ಕೊಳ್ಳುತ್ತಿದ್ದವರು ನಕ್ಕರು. ಶೆಟ್ರಿಗೆ ಸಿಟ್ಟು ಬಂತೋ ಹಟ ಬಂತೋ, ಹಿಂದಿನ ಕಪಾಟಿನ ಕೆಳಗಿನ ಖಾನೆಯಿಂದ ಒಂದು ರಟ್ಟಿನ ಡಬ್ಬಿ ತೆಗೆದು ಊದಿದರು. ಅದರಲ್ಲಿ ಇದು ಇತ್ತು. ಹಿತ್ತಾಳೆಯದು, ಕಪ್ಪಾಗಿತ್ತು, ಜೇಬಿಗೆ ಸಿಕ್ಕಿಸುವ ಕೊಕ್ಕೆ ಯಾವತ್ತೋ ಮುರಿದು ಹೋಗಿತ್ತು. ಮೂರು ವರ್ಷದಿಂದ ಯಾರೂ ಕೇಳಿಲ್ಲ ಅಂದರು. ಕಿವಿಗೆ ಹಿಡಿದೆ, ಸಪ್ಪಳವಿಲ್ಲ. ಮೂತಿಯನ್ನು ಬೆರಳಿನಿಂದ ಅಲುಗಿಸಿದೆ, ಅಲುಗಲಿಲ್ಲ. ತಿರುವಿದೆ, ಮೂತಿ ಬೇರೆ, ಮೈ ಬೇರೆ, ಒಳಗಿನ ತಿರುಪು ಬೇರೆ, ಬಾಲ ಬೇರೆ, ನಾಲ್ಕು ತುಂಡಾಗಿ ನನ್ನ ಅಂಗೈಯಲ್ಲಿ ಬಿಚ್ಚಿಕೊಂಡಿತು. ಅಂಗೈಯಲ್ಲೇ ಮತ್ತೆ ಕೂಡಿಸಿದೆ. ಇದಕ್ಕೆ ಹಾಕುವ ಕಡ್ಡಿ ಹರಿಹರದಲ್ಲಿ ಸಿಕ್ಕುತ್ತದೇನು ಅಂತ ಕೇಳಿದೆ. ಎಲ್ಲ ಕಡೆ ಸಿಕ್ಕುವ ಕಡ್ಡಿಯೇ ಅಂದರು. ಕೊನೆಗೆ ಮೂರನ್ನೂ ಗಾಜಿನ ಪೆಟ್ಟಿಗೆಯ ಇಳಿಜಾರಿನ ಮೇಲೆ ಅಡ್ಡ ಮಲಗಿಸಿದೆ. ಬಂಗಾರದ್ದು ಉರುಳುತ್ತಾ ಹೋಗಿ ಶೆಟ್ರ ತೊಡೆಯ ಮೇಲೆ ಬಿತ್ತು. ಕೆಂಪಿನದು ನೆಲಕ್ಕೇ ಬಿತ್ತು. ಹಿತ್ತಾಳೆಯದಕ್ಕೆ ಆರು ಮುಖ, ಅದು ಇಟ್ಟಲ್ಲಿಂದ ಕದಲಲಿಲ್ಲ.

ಅಪ್ಪ ಇನ್ನೂ ಬಂಗಾರದ್ದನ್ನೇ ನೋಡುತ್ತಿದ್ದ. ಮೇಸ್ತ್ರಿಯ ಎದುರು ಅಂಥದೊಂದು ತೆಗೆದು ಬರೆಯುವ ಆಸೆ ಅವನ ಮುಖದಲ್ಲಿ ಕಾಣುತ್ತಿತ್ತು.

"ಅಪ್ಪ, ಹಲಗೆ ಇಳಿಜಾರು ಇರ್ತೈತೆ ಅಂತ ನೀನೇ ಹೇಳಿದ್ದಿ," ಅಂದೆ.

ಅಪ್ಪ ಹಿತ್ತಾಳೆಯದನ್ನು ಶೆಟ್ರ ಕಡೆ ಸರಿಸಿ, "ಅದನ್ನೇ ಕೊಡ್ರಿ," ಅಂದ. ಶೆಟ್ರು ಕಟ್ಟಿಕೊಡುತ್ತಾ ಕಡ್ಡಿಯ ಒಂದು ಡಬ್ಬಿಯನ್ನು ಸುಮ್ಮನೆ ಸೇರಿಸಿದರು.

"ಇದು ನಿಮ್ಮ ಮಗಳಿಗೆ. ಇನ್ನೊಂದು ಸಲ ಇವಳನ್ನ ಕರ್ಕಂಡು ಬರಬ್ಯಾಡ್ರಿ, ನಾನು ಅಂಗಡಿ ಬಾಗಿಲು ಹಾಕಬೇಕಾಗ್ತೈತೆ! ಯಾವ ಕ್ಲಾಸವ್ವ ನೀನು?"

"ನಾಲ್ಕಕ್ಕೆ ಬಿಟ್ಟೆ," ಅಂದೆ.

ಅಪ್ಪ ರಸ್ತೆಯ ಕಡೆ ನೋಡಿದ. ಹೊರಗೆ ಬಂದ ಮೇಲೆ ನಾನು ಕೇಳದೆಯೇ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿದ. ತಾನು ತಿನ್ನಲಿಲ್ಲ.

ಮನೆಯಲ್ಲಿ ಅವ್ವ ಪೆನ್ಸಿಲ್ ನೋಡಿ, ಬೆಲೆ ಕೇಳಿ, ಸೊಂಟದ ಮೇಲೆ ಕೈ ಇಟ್ಟಳು.

"ಹನ್ನೆರಡು ಮರದ ಪೆನ್ಸಿಲ್ ಬರ್ತಿದ್ವು ಈ ರೊಕ್ಕಕ್ಕೆ! ಹನ್ನೆರಡು! ಅದೂ ಹೊಸವು. ಇದನ್ನ ನೋಡಿದ್ರೆ ಯಾರೋ ಎಸೆದಿದ್ದನ್ನ ಎತ್ಕಂಡು ಬಂದಂಗೈತೆ. ನೀವಾದ್ರೂ ಹೇಳಬಾರ್ದೇನ್ರಿ ಅವಳಿಗೆ?"

ಎರಡು ದಿನ ಸಾರಿಗೆ ಒಗ್ಗರಣೆ ಬೀಳಲಿಲ್ಲ. ನಮ್ಮ ಅವ್ವ ಸಿಟ್ಟನ್ನು ಬಾಯಿಗಿಂತ ಒಗ್ಗರಣೆಯಲ್ಲೇ ಹೆಚ್ಚು ತೋರಿಸುತ್ತಿದ್ದಳು. ಅಪ್ಪ ಆ ಸಪ್ಪೆ ಸಾರನ್ನು ಸುರಿದುಕೊಂಡು ಉಂಡು ದಿನಾ ಬೆಳಗ್ಗೆ ಕೆಲಸಕ್ಕೆ ಮೊದಲು, ಸಂಜೆ ಬೆಳಕಿರುವ ತನಕ, ಪಡಸಾಲೆಯಲ್ಲಿ ಹಲಗೆ ಹಾಕಿಕೊಂಡು ಕೂರುವನು. ನಾನು ಎದುರಿಗೆ. ಕಡ್ಡಿಯನ್ನು ಜೋಳದ ಕಾಳಿನ ಕಣ್ಣಿನಷ್ಟು ಮಾತ್ರ ಹೊರಗೆ ಬಿಡಬೇಕು, ಅದಕ್ಕಿಂತ ಹೆಚ್ಚು ಬಿಟ್ಟರೆ ಮುರಿಯುತ್ತದೆ ಅನ್ನುವುದನ್ನು ಮೊದಲ ದಿನವೇ ಕಂಡುಕೊಂಡೆ. ಗೆರೆ ಎಳೆಯುತ್ತಾ ಪೆನ್ಸಿಲ್ಲನ್ನು ಬೆರಳಿನಲ್ಲಿ ಮೆಲ್ಲಗೆ ಉರುಳಿಸಿದರೆ ಕಡ್ಡಿ ಒಂದೇ ಕಡೆ ಸವೆಯುವುದಿಲ್ಲ ಅನ್ನುವುದು ಮೂರನೇ ದಿನ ತಿಳಿಯಿತು. ಅಪ್ಪ ಮೂಲೆಮಟ್ಟ ಇಟ್ಟು ಎಳೆಯುವನು, ಕಡ್ಡಿ ಟಪ್ ಅನ್ನುವುದು.

"ಅಪ್ಪ, ನೇಗಿಲು ಒತ್ತಿದಂಗೆ ಒತ್ತಬ್ಯಾಡ. ಮಲಗಿದ ಕೂಸಿನ ಹುಬ್ಬಿಗೆ ಕಾಡಿಗೆ ಹಚ್ಚಿದಂಗೆ ಹಚ್ಚು."

"ನೀನು ಹೊಟ್ಟೆಯಾಗಿದ್ದಾಗಲೇ ಮೇಸ್ತ್ರಿ ಆಗಿದ್ದೇನೇ?" ಅಂತ ಅಪ್ಪ ನಗುವನು. ನಗುತ್ತಲೇ ಮತ್ತೆ ಎಳೆಯುವನು. ಮಾನೋಮಿ ಅಮಾವಾಸ್ಯೆಯ ಹೊತ್ತಿಗೆ ಅಪ್ಪನ ಗೆರೆ ಕೂದಲಿನಷ್ಟು ಆಗಿತ್ತು. ಆ ಅಮಾವಾಸ್ಯೆಗೆ ಕಂದೀಲು, ಬೀಗ, ಬೀಸುವ ಕಲ್ಲಿನ ಜೊತೆಗೆ ಪೆನ್ಸಿಲ್ಲನ್ನೂ ಬಿಚ್ಚಿ ಸಾಲಾಗಿ ಇಟ್ಟೆ. ಅಜ್ಜಿ ಪಕ್ಕದಲ್ಲಿ ಕೂತು, ಯಾವುದನ್ನು ಯಾವ ಕಡೆ ತಿರುವಬೇಕು ಅಂತ ಎರಡೆರಡು ಸಲ ಕೇಳಿ ತಿಳಿದುಕೊಂಡಳು. ಯಾಕೆ ಕೇಳುತ್ತಿದ್ದಾಳೆ ಅಂತ ನನಗೆ ಹೊಳೆಯಲಿಲ್ಲ.

ಆಯುಧಪೂಜೆಯ ದಿನ ಪಡಸಾಲೆ ಸಾರಿಸಿ, ಹಲಗೆಯ ಮೇಲೆ ಅಪ್ಪನ ಉಳಿ, ಕೈವಾರ, ಮೂಲೆಮಟ್ಟ, ಅಡಿಪಟ್ಟಿ, ಈಳಿಗೆ, ಕುಡುಗೋಲು, ಕೊನೆಯಲ್ಲಿ ಪೆನ್ಸಿಲ್ ಇಟ್ಟು ಅಜ್ಜಿ ಪೂಜೆ ಮಾಡಿದಳು. ನೀರಿನಲ್ಲಿ ಕಲಸಿದ ವಿಭೂತಿಯಿಂದ ಒಂದೊಂದಕ್ಕೂ ಮೂರು ಬೆರಳ ಪಟ್ಟೆ, ನಡುವೆ ಕುಂಕುಮ, ಮೇಲೆ ಚೆಂಡು ಹೂವು. ಮಧ್ಯಾಹ್ನ ಹೋಳಿಗೆ ಉಂಡ ಮೇಲೆ ಅಪ್ಪನಿಗೆ ಕೈ ತಡೆಯದೆ, ಒಂದೇ ಒಂದು ಗೆರೆ ಹಾಕಿ ನೋಡೋಣ ಅಂತ ಪೆನ್ಸಿಲ್ಲಿಗೆ ಕೈ ಚಾಚಿದ. ಅಜ್ಜಿ ಪಟ್ಟನೆ ಕೈಮೇಲೆ ಹೊಡೆದಳು.

"ಪೂಜೆಗಿಟ್ಟಿದ್ದನ್ನ ಮುಟ್ತಾರೇನೋ? ಇವತ್ತು ಅವಕ್ಕೆ ಕೆಲಸ ಇಲ್ಲ. ಯಾರೂ ಕೆಲಸ ಹಚ್ಚಂಗಿಲ್ಲ. ನಾಳೆ ಎತ್ಕೋ."

ಮರುದಿನ ದಶಮಿ, ಬನ್ನಿ ಕೊಡುವ ತಗೊಳ್ಳುವ ಗದ್ದಲ. ಅಪ್ಪ ಎಲ್ಲವನ್ನೂ ಎತ್ತಿ ಕಣ್ಣಿಗೊತ್ತಿಕೊಂಡು ಕೈಚೀಲಕ್ಕೆ ಹಾಕಿಟ್ಟ. ಅದರ ಮಾರನೆಯ ದಿನವೇ ಸಾಬ್ರ ಮುಂದಿನ ಪರೀಕ್ಷೆ. ಬೆಳಗ್ಗೆ ಎದ್ದು, ದಿನದಂತೆ ಹಲಗೆಯ ಮೇಲೆ ಒಂದು ಗೆರೆ ಹಾಕಲು ಪೆನ್ಸಿಲ್ ತಿರುವಿದರೆ ತಿರುಗಲಿಲ್ಲ. ಅಪ್ಪ ಹಲ್ಲು ಕಚ್ಚಿ ತಿರುವಿದ. ಕಲ್ಲಿನ ಹಾಗೆ ಕೂತಿತ್ತು. ಮೂತಿಯ ತೂತಿನಲ್ಲಿ ಬೆಳ್ಳಗೆ ಏನೋ ಕಂಡಿತು. ಅಪ್ಪ ಅಜ್ಜಿಯ ಕಡೆ ನೋಡಿದ. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಇದಕ್ಕೇನು ಮಾಡಿದೆ?"

"ವಿಭೂತಿ ಹಚ್ಚಿದೆ ಕಣೋ."

"ಹೊರಗೆ ಹಚ್ಚಿದ್ದು ನಾನೂ ನೋಡೀನಿ. ಒಳಗೆ?"

"ಒಳಗೂ ಹಚ್ಚಿದೆ," ಅಂದಳು ಅಜ್ಜಿ. "ಕೆಲಸ ಮಾಡೋದು ಅದರ ಒಳಗಲ್ಲೇನೋ? ಹೊರಗೆ ಹಚ್ಚಿ ಒಳಗೆ ಬಿಟ್ರೆ ದೇವರು ಏನಂದ್ಕಂತಾನೆ? ನಿನ್ನ ಎದೆ ಅದರ ಮೇಲೆ ನಿಂತೈತೆ ಅಂತ, ನಾಕು ಬೆರಳು ಜಾಸ್ತೀನೇ ಹಚ್ಚಿದೆ."

ನೀರಿನಲ್ಲಿ ಕಲಸಿದ ವಿಭೂತಿ ಎರಡು ದಿನದಲ್ಲಿ ಒಣಗಿ ಗಾರೆಯಾಗಿತ್ತು. ಅಪ್ಪ ತನ್ನ ತಾಯಿಗೆ ಜೋರಾಗಿ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು, ಅದೇ ಕೊನೆ. ಅಜ್ಜಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನೆಲ ನೋಡಿದಳು. ಅಷ್ಟರಲ್ಲಿ ಕಾರ್ಖಾನೆಯ ಮೊದಲ ಕೂಗು ಆಯಿತು. ಎರಡನೆಯ ಕೂಗಿಗೆ ಗೇಟು ಹಾಕುತ್ತಾರೆ. ಅಪ್ಪ ಕಂಬದ ಹತ್ತಿರ ಹೋಗಿ ದಾರದಲ್ಲಿ ನೇತಾಡುತ್ತಿದ್ದ ಮರದ ಪೆನ್ಸಿಲ್ಲನ್ನು ದಾರ ಸಮೇತ ಕಿತ್ತ.

"ಬಿಡು, ಮರಳು ನಮ್ಮ ಹಣೇಲಿ ಬರೆದೈತೆ."

"ಅಪ್ಪ, ತಡಿ. ಇದು ಬಿಚ್ಚತೈತೆ," ಅಂದೆ. "ಬಿಚ್ಚತೈತೆ ಅಂತಲೇ ಇದನ್ನ ತಂದಿದ್ದು."

ಹಂಡೆಯ ಬಿಸಿನೀರು ಚೊಂಬಿಗೆ ತೋಡಿ ಪೆನ್ಸಿಲ್ಲನ್ನು ಅದರಲ್ಲಿ ಮುಳುಗಿಸಿದೆ. ಒಂದರಿಂದ ನೂರು ಎಣಿಸಿದೆ. ತೆಗೆದು, ಮೂತಿಗೆ ಕಂದೀಲಿನ ಸೀಮೆಎಣ್ಣೆ ಎರಡು ಹನಿ ಬಿಟ್ಟೆ. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಪೆನ್ಸಿಲ್ಲಿನ ಮೈಯನ್ನು ಸಿಕ್ಕಿಸಿ, ಅಪ್ಪನಿಗೆ ಬಾಗಿಲು ಒತ್ತಿ ಹಿಡಿಯಲು ಹೇಳಿದೆ. ದುಂಡಗಿನದಾಗಿದ್ದರೆ ಜಾರುತ್ತಿತ್ತು, ಆರು ಮುಖದ್ದು ಕಚ್ಚಿಕೊಂಡು ನಿಂತಿತು. ಮೂತಿಯನ್ನು ಬಟ್ಟೆಯಲ್ಲಿ ಹಿಡಿದು ಎರಡೂ ಕೈಯಿಂದ ತಿರುವಿದೆ. ಬರಲಿಲ್ಲ. ಮತ್ತೆ ತಿರುವಿದೆ, ಅಂಗೈ ಸುಲಿಯಿತು. ಆಗ ನನ್ನ ಕೈಯ ಮೇಲೆ ಇನ್ನೊಂದು ಕೈ ಬಿತ್ತು. ಅವ್ವ ತುಂಬಿದ ಬಸುರಿ, ಏದುಸಿರು ಬಿಡುತ್ತಾ ಬಂದು ನನ್ನ ಮುಷ್ಟಿಯನ್ನೇ ಹಿಡಿದು ತಿರುವಿದಳು. ಕಿರ್ ಅಂತ ಒಂದು ಸಪ್ಪಳ. ಸಡಿಲಾಯಿತು! ನಾಲ್ಕು ತುಂಡೂ ಹೊರಗೆ ಬಂದವು. ಕಸಬರಿಗೆಯ ಕಡ್ಡಿಗೆ ನೂಲು ಸುತ್ತಿ ಒಳಗೆಲ್ಲ ಉಜ್ಜಿದೆ, ತಿರುಪಿನ ಒಂದೊಂದು ಸುತ್ತಿನಿಂದಲೂ ವಿಭೂತಿ ಕೆರೆದು ತೆಗೆದೆ, ಒರೆಸಿ, ಕೊಬ್ಬರಿಎಣ್ಣೆ ಮುಟ್ಟಿಸಿ, ಹೊಸ ಕಡ್ಡಿ ಹಾಕಿ ಕೂಡಿಸಿದೆ. ಜೋಳದ ಕಣ್ಣಿನಷ್ಟು ಕಡ್ಡಿ ಹೊರಗೆ ಬಿಟ್ಟು ಹಲಗೆಯ ಮೇಲೆ ಎಳೆದೆ. ಕೂದಲಿನಂಥ ಗೆರೆ ಬಿತ್ತು. ಅಪ್ಪ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಿದ. ಬುತ್ತಿ ಮನೆಯಲ್ಲೇ ಉಳಿಯಿತು.

ಅವತ್ತು ಅಜ್ಜಿ ಒಲೆಯ ಮುಂದೆ ಬರಲಿಲ್ಲ, ಊಟಕ್ಕೆ ಕರೆದರೂ ಏಳಲಿಲ್ಲ. ಬೆಲ್ಲದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತಳು. ಸಂಜೆ ಅಪ್ಪ ಬಂದ. ಕೈಯಲ್ಲಿ ಪರೀಕ್ಷೆಯ ಹಲಗೆ. ಅದನ್ನು ಅಜ್ಜಿಯ ಮುಂದೆ ನಿಲ್ಲಿಸಿದ. ಅದರ ಮೇಲೆ ಒಂದು ದೊಡ್ಡ ಗಾಲಿಯ ಚಿತ್ರ, ಒಳಗೆ ನಡುವಿನಿಂದ ಅಂಚಿಗೆ ಆರು ಅರಗಳು, ಒಂದೊಂದು ಗೆರೆಯೂ ಎಳೆದು ಇಟ್ಟ ನೂಲಿನ ಹಾಗೆ.

"ಸಾಬ್ರು ಕೈವಾರ ಇಟ್ಟು ಒಂದೊಂದೂ ಅಳೆದರು," ಅಂದ ಅಪ್ಪ. "ಅರೆವೀಸವೂ ಆಕಡೆ ಈಕಡೆ ಇಲ್ಲ. ಒಂದು ಗೆರೆ ತುದಿಯಾಗೆ ಬೆಳ್ಳಗೆ ಪುಡಿ ಉದುರಿತ್ತು. ಇದೇನೋ ಅಂದ್ರು. ನಮ್ಮವ್ವ ಪೆನ್ಸಿಲ್ ಹೊಟ್ಟೆಗೂ ವಿಭೂತಿ ಹಚ್ಚಿದ್ಲು ಸಾಬ್ರೇ ಅಂದೆ. ನಕ್ಕು ನಕ್ಕು ಅವರ ಕಣ್ಣಾಗೆ ನೀರು ಬಂತು. ಮತ್ತೆ ಹೆಂಗೆ ಬಿಚ್ಚಿದೆ ಅಂದ್ರು. ನಾನಲ್ರಿ, ನನ್ನ ಮಗಳು ಅಂದೆ. ಗೆರೆ ಹಾಕಾಕೆ ಕಲಿಸಿದ್ದು ಯಾರು ಅಂದ್ರು. ಅದೂ ನನ್ನ ಮಗಳೇ ಅಂದೆ."

"ಮರಳು?" ಅಂದಳು ಅಜ್ಜಿ.

"ಇನ್ನಿಲ್ಲ. ಮರದ ಕೆಲಸವೇ."

ಅಜ್ಜಿ ಡಬ್ಬಿ ತೆಗೆದು ಒಂದು ಉಂಡೆ ಬೆಲ್ಲವನ್ನು ನನ್ನ ಬಾಯಿಗೆ ಇಟ್ಟಳು. ಅಪ್ಪ ಕೊನೆಯ ತನಕ ಆ ಕೆಲಸದಲ್ಲೇ ಇದ್ದ, ಸಾಬ್ರ ನಂತರ ತಾನೇ ಮೇಸ್ತ್ರಿಯಾದ. ಅವನ ಗೆರೆಗೆ ಕೊಯ್ದ ಮರದಿಂದ ಎಷ್ಟು ಯಂತ್ರ ಹುಟ್ಟಿದವೋ ನನಗೆ ಲೆಕ್ಕವಿಲ್ಲ. ಯಾವ ಯಂತ್ರ ಕಂಡರೂ ಇದು ನಮ್ಮಪ್ಪನದೇ ಇರಬಹುದು ಅಂತ ಇವತ್ತಿಗೂ ನಿಂತು ನೋಡುತ್ತೇನೆ.

ಮುಂದಿನ ವರ್ಷದ ಆಯುಧಪೂಜೆಗೆ ಅಜ್ಜಿ ಪೆನ್ಸಿಲ್ಲನ್ನು ನನ್ನಿಂದಲೇ ಬಿಚ್ಚಿಸಿ, ನಾಲ್ಕು ತುಂಡಿಗೂ ಒಣ ವಿಭೂತಿಯನ್ನು ಬೆರಳ ತುದಿಯಲ್ಲಿ ಮುಟ್ಟಿಸಿದಳು. ಆಮೇಲೆ ಉಳಿಗೂ ಪೆನ್ಸಿಲ್ಲಿಗೂ ನಡುವೆ ಒಂದಿಷ್ಟು ಜಾಗ ಬಿಡಿಸಿ, ನನ್ನನ್ನು ಕರೆದಳು.

"ಬಾ ಇಲ್ಲಿ. ಎರಡೂ ಕೈ ಇಲ್ಲಿಡು."

ಇಟ್ಟೆ. ಹತ್ತೂ ಬೆರಳಿಗೆ ಪಟ್ಟೆ ಎಳೆದು, ಕುಂಕುಮವಿಟ್ಟು, ಹೂವು ಏರಿಸಿ, ಆರತಿ ಬೆಳಗಿದಳು. ಶಾಲೆ ಬಿಟ್ಟ ಹುಡುಗಿ ಅಂತ ಓಣಿಯವರು ಕರೆಯುತ್ತಿದ್ದ ನನಗೆ, ನನ್ನ ಕೈಗೆ, ದೇವರ ಮುಂದೆ ಆರತಿ! ಅಷ್ಟರಲ್ಲಿ ಅವ್ವ ಕೂಸನ್ನು ಎತ್ತಿಕೊಂಡು ಅಡುಗೆಮನೆಯಿಂದ ಕೂಗಿದಳು.

"ಗೌರೀ, ಒಂದು ಚೊಂಬು ನೀರು ತಗೊಂಬಾ."

"ಈ ಕೈ ಮುಟ್ಟಂಗಿಲ್ಲ," ಅಂದಳು ಅಜ್ಜಿ. "ಪೂಜೆಗಿಟ್ಟ ಆಯುಧಕ್ಕೆ ಇವತ್ತು ಕೆಲಸ ಇಲ್ಲ."

ಅವತ್ತು ನನ್ನಿಂದ ಯಾರೂ ಒಂದು ಲೋಟವನ್ನೂ ಎತ್ತಿಸಲಿಲ್ಲ. ಊಟಕ್ಕೆ ಕೂತಾಗ ಕೈ ಎಲೆಗೆ ಹೋಗುತ್ತಿದ್ದಂತೆ ಅಜ್ಜಿ ಮತ್ತೆ ತಡೆದಳು. ಆಯುಧದಲ್ಲಿ ಯಾರಾದರೂ ಉಣ್ಣುತ್ತಾರೇನು? ಕೊನೆಗೆ ಅವ್ವ ಬಂದು ಎದುರಿಗೆ ಕೂತಳು. ಹೋಳಿಗೆ ಮುರಿದಳು, ತುಪ್ಪದಲ್ಲಿ ಅದ್ದಿದಳು, ನನ್ನ ಮುಖ ನೋಡಿದಳು, ಮತ್ತೊಮ್ಮೆ ಅದ್ದಿದಳು.

"ಹನ್ನೆರಡು ಬರ್ತಿದ್ವು ಆ ರೊಕ್ಕಕ್ಕೆ," ಅಂದಳು. "ಹೂಂ, ಬಾಯಿ ತೆಗಿ."